ಏರ್ ರೈಫಲ್ ಗ್ರೂಪ್ ಚದುರುತ್ತಿದೆಯೇ? ಪೆಲೆಟ್ ಡಬ್ಬಿ ಬದಲಿಸುವ ಮೊದಲು ಸ್ಟಾಕ್ ನೋಡಿ

ಹುಬ್ಬಳ್ಳಿ-ಧಾರವಾಡದ ಕಡೆ ಏರ್ ರೈಫಲ್ ಕಲಿಯುವ ಮಕ್ಕಳು ಈಗ ಸಾಕಷ್ಟಿದ್ದಾರೆ. ಗುಂಡು ಒಂದೇ ಕಡೆ ಬೀಳದೆ ಚದುರಿದಾಗ ಅವರ ಅಪ್ಪ-ಅಮ್ಮಂದಿರಿಂದ ಹೆಚ್ಚಾಗಿ ಬರುವ ಪ್ರಶ್ನೆ ಒಂದೇ: "ಸರ, ಪೆಲೆಟ್ ಚೇಂಜ್ ಮಾಡಿದ್ರ ಸರಿ ಆಗ್ತೈತೇನ್ರಿ?" ಪೆಲೆಟ್ ಅಂದರೆ ಏರ್ ರೈಫಲ್‌ಗೆ ಹಾಕುವ ಸಣ್ಣ ಗುಂಡು. ಬದಲಿಸಿದರೆ ಸರಿ ಆಗಬಹುದು. ಆದರೆ ಮೊದಲು ನೋಡಬೇಕಾದದ್ದು ಅದಲ್ಲ. ರೈಫಲ್‌ನ ಲೋಹದ ಭಾಗ, ಅಂದರೆ ಆ್ಯಕ್ಷನ್, ಸ್ಟಾಕ್‌ನಲ್ಲಿ (ಕೈಯಲ್ಲಿ ಹಿಡಿದು ಭುಜಕ್ಕೆ ಆನಿಸುವ ಮರದ ಅಥವಾ ಅಲ್ಯೂಮಿನಿಯಂ ಭಾಗ) ಪ್ರತಿ ಸಲ ಒಂದೇ ಥರ ಕೂತಿದೆಯಾ? ಕೂತಿಲ್ಲ ಅಂದರೆ ಎಷ್ಟು ದುಬಾರಿ ಪೆಲೆಟ್ ಹಾಕಿದರೂ ದುಡ್ಡು ದಂಡ.

ಇನ್ನೊಂದು ಮಾತು. ಸ್ಕೋರ್ ನೋಡಿ ದೋಷ ಹುಡುಕಬೇಡಿ. ಸ್ಕೋರಿನಲ್ಲಿ ಹೊಡೆಯುವವರ ಉಸಿರು, ಕೈ, ಮನಸ್ಸು ಎಲ್ಲ ಸೇರಿರುತ್ತದೆ. ಗ್ರೂಪಿನ, ಅಂದರೆ ಒಂದೇ ಗುರಿಗೆ ಹೊಡೆದ ಗುಂಡುಗಳ ರಂಧ್ರಗಳ ಗುಂಪಿನ, ಆಕಾರ ನೋಡಿ. ರಂಧ್ರಗಳು ಉದ್ದಕ್ಕೆ ಸಾಲಾಗಿವೆಯೋ, ಎರಡು ಗುಂಪಾಗಿವೆಯೋ, ಎಲ್ಲ ಕಡೆ ಚೆಲ್ಲಿವೆಯೋ ಅನ್ನುವುದೇ ಅರ್ಧ ಉತ್ತರ ಹೇಳುತ್ತದೆ.

ಶುರು ಮಾಡುವ ಮುನ್ನ

ರೈಫಲ್ ಖಾಲಿ ಇದೆಯಾ ಅಂತ ನೋಡಿ. ನಳಿಗೆಯ ತುದಿ ಯಾವಾಗಲೂ ಗುಂಡು ತಡೆಯುವ ಗೋಡೆಯ ಕಡೆಗೇ ಇರಲಿ. ಪಿಸಿಪಿ ರೈಫಲ್, ಅಂದರೆ ಒತ್ತಿದ ಗಾಳಿಯ ಸಿಲಿಂಡರ್ ಇರುವುದು ಆದರೆ, ಸ್ಕ್ರೂ ಮುಟ್ಟುವ ಮುಂಚೆ ಸಿಲಿಂಡರ್ ಬಿಚ್ಚಿಡಿ. ಒಳಗೆ ಉಳಿದ ಗಾಳಿಯನ್ನು ಕಂಪನಿಯ ಪುಸ್ತಕ ಹೇಳಿದ ರೀತಿಯಲ್ಲೇ ಬಿಡಿ. ನಳಿಗೆ ಮಡಚುವ ಸ್ಪ್ರಿಂಗ್ ರೈಫಲ್ ಆದರೆ, ನಳಿಗೆ ತೆರೆದಿರುವಾಗ ಟ್ರಿಗರ್ ಮುಟ್ಟಲೇಬೇಡಿ. ಅದು ರಪ್ಪನೆ ಮುಚ್ಚಿಕೊಂಡರೆ ಬೆರಳು ಹೋಗುತ್ತದೆ, ನಳಿಗೆಯೂ ಬಾಗುತ್ತದೆ. ಪೆಲೆಟ್ ಇಲ್ಲದೆ ಸ್ಪ್ರಿಂಗ್ ರೈಫಲ್ ಹೊಡೆಯುವುದೂ ಬೇಡ. ಪಿಸ್ಟನ್ ತಡೆಯುವ ಗಾಳಿಯ ಮೆತ್ತೆ ಇಲ್ಲದೆ ಲೋಹಕ್ಕೆ ಲೋಹ ಬಡಿಯುತ್ತದೆ.

ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಪೆಲೆಟ್ ಸೀಸದ್ದು. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ರೇಂಜಿನಲ್ಲಿ ಕೂತು ಗಿರ್ಮಿಟ್ ತಿನ್ನುವ ಅಭ್ಯಾಸ ಇದ್ದರೆ ಬಿಡಿ, ಮಕ್ಕಳಿಗಂತೂ ಬಿಡಿಸಿ.

ಪರೀಕ್ಷೆಗೆ ಬೇಕಾದದ್ದು ಇಷ್ಟು: ಒಂದು ಗಟ್ಟಿ ಟೇಬಲ್, ಮರಳು ತುಂಬಿದ ಎರಡು ಚೀಲ, ಒಂದೇ ಡಬ್ಬಿಯ ಪೆಲೆಟ್, ಹೊಸ ಟಾರ್ಗೆಟ್ ಕಾಗದ. ಹತ್ತು ಮೀಟರಿನಿಂದ ಐದೈದು ಗುಂಡಿನ ಗ್ರೂಪ್ ಹೊಡೆಯಿರಿ. ಪ್ರತಿ ಕಾಗದದ ಮೇಲೆ ಸಮಯ ಮತ್ತು ಸಿಲಿಂಡರ್ ಒತ್ತಡ ಬರೆದಿಡಿ. 10 ಮೀ. ಏರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತರ ಚುಕ್ಕೆ 0.5 ಮಿ.ಮೀ., ಒಂಬತ್ತರ ವೃತ್ತ 5.5 ಮಿ.ಮೀ. ಪೆಲೆಟ್ಟೇ 4.5 ಮಿ.ಮೀ. ದಪ್ಪ. ಒಳ್ಳೆಯ ಮ್ಯಾಚ್ ರೈಫಲ್, ಅಂದರೆ ಸ್ಪರ್ಧೆಯ ರೈಫಲ್, ಚೀಲದ ಮೇಲಿಂದ ಐದು ಗುಂಡನ್ನೂ ಸ್ವಲ್ಪವೇ ಹಿಗ್ಗಿದ ಒಂದೇ ತೂತಿನಲ್ಲಿ ಹಾಕಬೇಕು. ಕಡಿಮೆ ಬೆಲೆಯ ಸ್ಪ್ರಿಂಗ್ ರೈಫಲ್‌ನಿಂದ ಅದನ್ನು ಕೇಳುವುದು ಅನ್ಯಾಯ. ಆದರೆ ಅದೂ ದಿನಾ ಒಂದೇ ಅಳತೆಯ ಗ್ರೂಪ್ ಕೊಡಬೇಕು, ಅಲ್ವಾ?

ಲಕ್ಷಣ: ಗುಂಡು ಎಲ್ಲೆಂದರಲ್ಲಿ ಬೀಳುತ್ತಿದೆ

ನಿನ್ನೆವರೆಗೆ ಚೆನ್ನಾಗಿತ್ತು, ಇವತ್ತು ಗೊತ್ತುಗುರಿ ಇಲ್ಲ ಅನ್ನುವವರು ಮೊದಲು ಅಲೆನ್ ಕೀ ಹಿಡಿಯಿರಿ. ಸ್ಟಾಕ್ ಸ್ಕ್ರೂ ಸಡಿಲ ಆಗಿರುವ ಸಾಧ್ಯತೆಯೇ ಜಾಸ್ತಿ. ಸ್ಪ್ರಿಂಗ್ ರೈಫಲ್‌ನಲ್ಲಿ ಇದು ಸಾಮಾನ್ಯ. ಪಿಸ್ಟನ್ ಮುಂದೆ ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ಗಾಳಿಗೆ ಬಡಿದು ನಿಂತಾಗ ಮುಂದಕ್ಕೆ ಎಳೆಯುತ್ತದೆ. ಪ್ರತಿ ಗುಂಡಿಗೂ ಎರಡು ಕಡೆಯ ಹೊಡೆತ. ಅದರ ಮೇಲೆ ಬೈಕಿನ ಹಿಂದೆ ಬ್ಯಾಗ್ ಕಟ್ಟಿಕೊಂಡು ಧಾರವಾಡದಿಂದ ಹುಬ್ಬಳ್ಳಿಗೆ ದಿನಾ ಓಡಾಟ. ಸ್ಕ್ರೂ ಪಾಪ ಎಷ್ಟು ತಡೆದೀತು? ಚಿಗರಿ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬರುವವರ ರೈಫಲ್ ಸ್ಕ್ರೂ ಅಷ್ಟು ಬೇಗ ಸಡಿಲ ಆಗುವುದಿಲ್ಲ.

ಅಲೆನ್ ಕೀಯ ಉದ್ದ ತೋಳನ್ನು ಸ್ಕ್ರೂಗೆ ಹಾಕಿ, ಗಿಡ್ಡ ತೋಳನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ. ಕಾಲು ಸುತ್ತು ಸುಮ್ನೆ ತಿರುಗಿತು ಅಂದರೆ ಸಡಿಲ ಇತ್ತು ಅಂತ ಅರ್ಥ. ಎಲ್ಲ ಸ್ಕ್ರೂಗಳನ್ನೂ ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ಬಿಗಿ ಮಾಡಿ. ಒಂದನ್ನು ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಹೋದರೆ ಆ್ಯಕ್ಷನ್ ಓರೆಯಾಗಿ ಕೂರುತ್ತದೆ. ಕಂಪನಿ ಇಷ್ಟೇ ಟಾರ್ಕ್ (ತಿರುಗಿಸಿ ಬಿಗಿಯುವ ಬಲ) ಅಂತ ಹೇಳಿದ್ದರೆ ಅಷ್ಟೇ ಕೊಡಿ. ಜೋರಾಗಿ ಬಿಗಿದರೆ ಒಳ್ಳೆಯದು ಅನ್ನುವುದು ತಪ್ಪು. ವಾಷರ್ ಕೆಳಗಿನ ಮರ ಜಜ್ಜಿಹೋದರೆ ಆ ಸ್ಕ್ರೂ ಇನ್ನೆಂದೂ ನಿಲ್ಲುವುದಿಲ್ಲ.

ಬಿಗಿದ ಮೇಲೆ ಸ್ಕ್ರೂ ತಲೆಯಿಂದ ಸ್ಟಾಕ್‌ವರೆಗೆ ನೇಲ್ ಪಾಲಿಶ್‌ನಲ್ಲಿ ಸಣ್ಣ ಗೆರೆ ಎಳೆಯಿರಿ. ಗೆರೆ ತುಂಡಾದರೆ ಸ್ಕ್ರೂ ತಿರುಗಿದೆ. ಪದೇ ಪದೇ ಸಡಿಲ ಆಗುವ ಸ್ಪ್ರಿಂಗ್ ರೈಫಲ್‌ಗೆ ನೀಲಿ ಥ್ರೆಡ್ ಲಾಕರ್ (ಸ್ಕ್ರೂ ಸಡಿಲ ಆಗದಂತೆ ಹಚ್ಚುವ ಅಂಟು) ಒಂದು ಹನಿ ಸಾಕು. ಕೆಂಪು ಬೇಡ, ಬಿಸಿ ಮಾಡದೆ ಬಿಚ್ಚಲು ಬರುವುದಿಲ್ಲ.

ಸ್ಕ್ರೂ ಸರಿ ಇದ್ದರೆ ಸೈಟು, ಅಂದರೆ ಗುರಿ ಹಿಡಿಯಲು ಕಣ್ಣಿಟ್ಟು ನೋಡುವ ಭಾಗ. ಹಿಂದಿನ ಸೈಟನ್ನು ಬೆರಳಿಂದ ಅಲ್ಲಾಡಿಸಿ. ಮುಂದಿನ ಸೈಟಿನೊಳಗಿನ ರಿಂಗ್ ಗಟ್ಟಿ ಕೂತಿದೆಯಾ ನೋಡಿ. ಸ್ಪ್ರಿಂಗ್ ರೈಫಲ್ ಮೇಲೆ ಅಗ್ಗದ ಸ್ಕೋಪ್ ಹಾಕಿದ್ದರೆ ಅದರ ಒಳಗೇ ಏನಾದರೂ ಕಿತ್ತಿರಬಹುದು. ಮುಂದಕ್ಕೆ ಎಳೆಯುವ ಆ ಹೊಡೆತವನ್ನು ಎಲ್ಲ ಸ್ಕೋಪ್‌ಗಳೂ ತಡೆಯುವುದಿಲ್ಲ. ಸ್ಕೋಪ್ ತೆಗೆದು ಮಾಮೂಲಿ ಸೈಟಿನಿಂದ ಹೊಡೆದು ನೋಡಿ. ಖರ್ಚಿಲ್ಲದ ಪರೀಕ್ಷೆ.

ಆಮೇಲೆ ನಳಿಗೆ ಮತ್ತು ಪೆಲೆಟ್. ಕಿವಿ ಸ್ವಚ್ಛ ಮಾಡುವ ಹತ್ತಿಯ ಕಡ್ಡಿಯನ್ನು ನಳಿಗೆಯ ಬಾಯಿಯ ಒಳ ಅಂಚಿಗೆ ಒತ್ತಿ ಒಂದು ಸುತ್ತು ತಿರುಗಿಸಿ. ಹತ್ತಿಯ ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಏಟು ಬಿದ್ದಿದೆ. ಪೆಲೆಟ್ ಹೊರಬರುವಾಗ ಕೊನೆಗೆ ಮುಟ್ಟುವುದು ಆ ಅಂಚನ್ನೇ. ನಳಿಗೆ ಕೊಳೆಯಾಗಿದ್ದರೆ ಒತ್ತಿದ ಉಣ್ಣೆಯ ಫೆಲ್ಟ್ ಪೆಲೆಟ್‌ನಿಂದ ಒರೆಸಿ, ಕಬ್ಬಿಣದ ಸರಳು ತುರುಕಬೇಡಿ. ಪೆಲೆಟ್ ಡಬ್ಬಿ ಕೆಳಗೆ ಬಿದ್ದಿದ್ದರೆ ಹಿಂಭಾಗದ ತೆಳು ಅಂಚು ನೆಗ್ಗಿರುತ್ತದೆ. ಇಷ್ಟೆಲ್ಲ ಆದ ಮೇಲೂ ಸರಿ ಹೋಗದಿದ್ದರೆ ಬೇರೆ ಡಬ್ಬಿ ತನ್ನಿ. ತಲೆಯ ಅಳತೆ 4.49 ಅಥವಾ 4.50 ಅಂತ ಡಬ್ಬಿ ಮೇಲೆ ಇರುತ್ತದೆ, ಎರಡನ್ನೂ ಹೊಡೆದು ಹೋಲಿಸಿ.

ಲಕ್ಷಣ: ಒಂದರ ಬದಲು ಎರಡು ಗ್ರೂಪ್

ಮೂರು ಗುಂಡು ಒಂದು ಕಡೆ ಅಚ್ಚುಕಟ್ಟಾಗಿ, ಎರಡು ಇನ್ನೊಂದು ಕಡೆ ಅಷ್ಟೇ ಅಚ್ಚುಕಟ್ಟಾಗಿ. ಇದನ್ನು ಕಂಡರೆ ನನಗೆ ಖುಷಿ, ಯಾಕೆಂದರೆ ಇದು ಮನುಷ್ಯನ ತಪ್ಪಾಗಿರುವುದು ಅಪರೂಪ. ರೈಫಲ್‌ನಲ್ಲಿ ಯಾವುದೋ ಭಾಗಕ್ಕೆ ಕೂರಲು ಎರಡು ಜಾಗ ಸಿಕ್ಕಿದೆ.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಬರುತ್ತದೆ. ಆ್ಯಕ್ಷನ್ ಸ್ಟಾಕ್‌ನಲ್ಲಿ ಅಲ್ಲಾಡಿದರೆ ಅದರ ಮೇಲಿನ ಸೈಟೂ ಅದರ ಜೊತೆಗೇ ಅಲ್ಲಾಡುತ್ತದೆ. ನಾವು ಸೈಟು ನೋಡಿಯೇ ಗುರಿ ಹಿಡಿಯುತ್ತೇವೆ. ಮತ್ತೆ ಗುಂಡು ಯಾಕೆ ಬೇರೆ ಕಡೆ ಹೋಗಬೇಕು? ಉತ್ತರ ಟ್ರಿಗರ್ ಎಳೆದ ಮೇಲಿನ ಕ್ಷಣದಲ್ಲಿದೆ. ಟ್ರಿಗರ್ ಬಿಟ್ಟಾಗಿನಿಂದ ಪೆಲೆಟ್ ನಳಿಗೆ ಬಿಡುವವರೆಗೆ ಸ್ವಲ್ಪ ಸಮಯ ಹಿಡಿಯುತ್ತದೆ. ಸ್ಪ್ರಿಂಗ್ ರೈಫಲ್‌ನಲ್ಲಿ ಆ ಹೊತ್ತಿಗೆ ರೈಫಲ್ ಆಗಲೇ ಅಲುಗಿರುತ್ತದೆ. ಆ ಅಲುಗಾಟ ಪ್ರತಿ ಸಲ ಒಂದೇ ಥರ ಇದ್ದರೆ ತೊಂದರೆ ಇಲ್ಲ, ಸೈಟು ತಿದ್ದಿಕೊಂಡರೆ ಆಯಿತು. ಸ್ಟಾಕ್‌ನಲ್ಲಿ ಸಡಿಲ ಇದ್ದರೆ ಒಂದು ಸಲ ಒಂದು ಥರ, ಇನ್ನೊಂದು ಸಲ ಇನ್ನೊಂದು ಥರ. ಎರಡನೆಯ ಕಾರಣ, ಸ್ಟಾಕ್ ಸಮ ಇಲ್ಲದಿದ್ದರೆ ಸ್ಕ್ರೂ ಬಿಗಿದಾಗ ಆ್ಯಕ್ಷನ್ನೇ ಒಂಚೂರು ಬಾಗುತ್ತದೆ. ಬಾಗಿದ್ದು ಆಗೀಗ ಸರಿಯುತ್ತದೆ.

ಮೊದಲು ಖರ್ಚಿಲ್ಲದ್ದು. ರೈಫಲ್ ಅನ್ನು ಚೀಲದ ಮೇಲೆ ನೆಟ್ಟಗೆ ಇಡಿ. ಲೋಹ ಮತ್ತು ಸ್ಟಾಕ್ ಸೇರುವ ಗೆರೆಯ ಮೇಲೆ, ಮುಂದಿನ ಸ್ಕ್ರೂ ಹತ್ತಿರ, ಬೆರಳ ತುದಿ ಇಡಿ. ಇನ್ನೊಬ್ಬರು ಆ ಸ್ಕ್ರೂವನ್ನು ನಿಧಾನವಾಗಿ ಸಡಿಲ ಮಾಡಲಿ. ಬೆರಳಿಗೆ ಏನೂ ಗೊತ್ತಾಗಬಾರದು. ಲೋಹ ಮೇಲೆ ಎದ್ದ ಹಾಗೆ ಅನಿಸಿದರೆ ಸ್ಕ್ರೂ ಇಷ್ಟು ದಿನ ಅದನ್ನು ಎಳೆದು ಬಗ್ಗಿಸಿ ಹಿಡಿದಿತ್ತು. ಡಯಲ್ ಗೇಜ್ (ಸೂಕ್ಷ್ಮ ಅಲುಗಾಟ ಅಳೆಯುವ ಮಾಪಕ) ಇಟ್ಟು ನೋಡುವವರು ಸುಮಾರು 0.05 ಮಿ.ಮೀ.ಗಿಂತ ಜಾಸ್ತಿ ಎದ್ದರೆ ಬೆಡ್ಡಿಂಗ್, ಅಂದರೆ ಲೋಹದ ಭಾಗ ಸ್ಟಾಕಿನಲ್ಲಿ ಕೂರುವ ರೀತಿ, ಸರಿ ಇಲ್ಲ ಅನ್ನುತ್ತಾರೆ. ಹಿಂದಿನ ಸ್ಕ್ರೂಗೂ ಹೀಗೇ ಮಾಡಿ.

ನಂತರ ಸ್ಕ್ರೂಗಳನ್ನು ಪೂರ್ತಿ ಬಿಚ್ಚಿ ಆ್ಯಕ್ಷನ್ ಎತ್ತಿ. ಮರದ ಮೇಲೆ ಹೊಳೆಯುವ, ಕಪ್ಪಾದ ಕಲೆಗಳು ಕಾಣುತ್ತವೆ. ಲೋಹ ತಿಕ್ಕಿದ ಜಾಗ ಅವು. ಎರಡೂ ಬದಿ ಸಮನಾಗಿದ್ದರೆ ಒಳ್ಳೆಯದು. ಒಂದೇ ಕಡೆ ಇದ್ದರೆ ಆ್ಯಕ್ಷನ್ ಮೂಲೆಯ ಮೇಲೆ ನಿಂತಿದೆ, ಕಾಲು ಕುಂಟಾದ ಮಣೆಯ ಹಾಗೆ. ಸ್ಕ್ರೂ ತುದಿಯನ್ನೂ ನೋಡಿ. ಉದ್ದ ಜಾಸ್ತಿಯಾಗಿ ತಳಕ್ಕೆ ತಾಗುತ್ತಿದ್ದರೆ ಕೈಗೆ ಬಿಗಿ ಅನಿಸುತ್ತದೆ, ಸ್ಟಾಕ್ ಮಾತ್ರ ಸಡಿಲವೇ ಇರುತ್ತದೆ. ಯಾರೋ ಮೂಲ ಸ್ಕ್ರೂ ಕಳೆದು ಹಾರ್ಡ್‌ವೇರ್ ಅಂಗಡಿಯದ್ದು ಹಾಕಿದ ರೈಫಲ್‌ಗಳಲ್ಲಿ ಇದನ್ನು ನೋಡಬಹುದು.

ಬೆಡ್ಡಿಂಗೇ ಕಾರಣ ಅಂತ ಖಚಿತ ಮಾಡಿಕೊಳ್ಳಲು ಹಳೆಯ ವಿಸಿಟಿಂಗ್ ಕಾರ್ಡ್ ಸಾಕು. ಖಾಲಿ ಇರುವ ಕಡೆ ಆ್ಯಕ್ಷನ್ ಕೆಳಗೆ ಸಣ್ಣ ತುಂಡು ಇಟ್ಟು, ಸ್ಕ್ರೂ ಬಿಗಿದು, ಮತ್ತೆ ಐದೈದು ಹೊಡೆಯಿರಿ. ಎರಡು ಗ್ರೂಪ್ ಸೇರಿ ಒಂದಾದರೆ ಉತ್ತರ ಸಿಕ್ಕಿತು. ಕಾರ್ಡ್ ಅಲ್ಲೇ ಬಿಟ್ಟು ಮರೆಯಬೇಡಿ. ಅದು ಪರೀಕ್ಷೆಗೆ, ರಿಪೇರಿಗಲ್ಲ. ಕಾಗದ ತೇವ ಹೀರುತ್ತದೆ, ಒತ್ತಿಹೋಗುತ್ತದೆ.

ನಿಜವಾದ ರಿಪೇರಿ ಅಂದರೆ ಎಪಾಕ್ಸಿ (ಒಣಗಿ ಗಟ್ಟಿಯಾಗುವ ಅಂಟು) ಬೆಡ್ಡಿಂಗ್. ಲೋಹಕ್ಕೆ ಅಂಟದಂತೆ ಮೇಣ ಸವರಿ, ಸ್ಕ್ರೂ ಜಾಗದ ಸುತ್ತ ಮರ ಸ್ವಲ್ಪ ಕೆತ್ತಿ, ಎಪಾಕ್ಸಿ ತುಂಬಿ, ಆ್ಯಕ್ಷನ್ ಇಟ್ಟು ಒಣಗಲು ಬಿಡುವುದು. ಎಪಾಕ್ಸಿ ಲೋಹದ ಆಕಾರವನ್ನೇ ತಾಳುತ್ತದೆ. ಸ್ಕ್ರೂ ಸುತ್ತ ಅಲ್ಯೂಮಿನಿಯಂ ಕೊಳವೆ ಕೂರಿಸಿದರೆ ಇನ್ನೂ ಒಳ್ಳೆಯದು, ಆಗ ಬಿಗಿಯುವ ಒತ್ತಡ ಮರದ ಮೇಲೆ ಬೀಳುವುದಿಲ್ಲ. ಕೇಳಲು ಸುಲಭ. ಆದರೆ ಮೇಣ ಒಂದು ಕಡೆ ತಪ್ಪಿದರೆ ಆ್ಯಕ್ಷನ್ ಸ್ಟಾಕಿಗೆ ಶಾಶ್ವತವಾಗಿ ಅಂಟುತ್ತದೆ. ಟ್ರಿಗರ್ ಜಾಗಕ್ಕೆ ಎಪಾಕ್ಸಿ ಹರಿದರೆ ಅಪಾಯ. ಹಳೆಯ ಸ್ಟಾಕ್ ಮೇಲೆ ಕೈ ಪಳಗದಿದ್ದರೆ ಇದನ್ನು ಬಲ್ಲವರಿಗೆ ಬಿಡಿ. ಅಲ್ಯೂಮಿನಿಯಂ ಸ್ಟಾಕ್ ಇರುವ ಮ್ಯಾಚ್ ರೈಫಲ್‌ಗೆ ಇದ್ಯಾವುದೂ ಬೇಡ. ಅಲ್ಲಿ ಕೂರುವ ಮೇಲ್ಮೈ ಒರೆಸಿ, ಸಿಕ್ಕಿಕೊಂಡ ಕಸ ತೆಗೆದು, ಸರಿಯಾದ ಟಾರ್ಕ್ ಕೊಟ್ಟರೆ ಮುಗಿಯಿತು.

ನಳಿಗೆ ಮಡಚುವ ರೈಫಲ್‌ನಲ್ಲಿ ಎರಡು ಗ್ರೂಪ್‌ಗೆ ಇನ್ನೊಂದು ಕಾರಣ ಇದೆ. ಅದು ಆ್ಯಕ್ಷನ್ ವಿನ್ಯಾಸದಲ್ಲೇ ಇರುವುದು. ನಳಿಗೆ ಪ್ರತಿ ಸಲ ತೆರೆದು ಮುಚ್ಚುತ್ತದೆ, ಪ್ರತಿ ಸಲ ಅದೇ ಜಾಗಕ್ಕೆ ಬಂದು ನಿಲ್ಲಬೇಕು. 45 ಸೆಂ.ಮೀ. ನಳಿಗೆಯ ತುದಿ 0.1 ಮಿ.ಮೀ. ಸರಿದರೆ ಹತ್ತು ಮೀಟರಿನಲ್ಲಿ ಗುಂಡು ಸುಮಾರು 2 ಮಿ.ಮೀ. ಸರಿಯುತ್ತದೆ. ಎರಡೂ ಸೈಟು ನಳಿಗೆಯ ಮೇಲೇ ಇದ್ದರೆ ಇದು ಅಷ್ಟಾಗಿ ಕಾಣುವುದಿಲ್ಲ, ಸೈಟೂ ಜೊತೆಗೆ ಸರಿಯುತ್ತದಲ್ಲ. ಸ್ಕೋಪ್ ಆ್ಯಕ್ಷನ್ ಮೇಲಿದ್ದರೆ ನೇರವಾಗಿ ಕಾಣುತ್ತದೆ. ಹಾಗಾಗಿ ಸ್ಕೋಪಿನಿಂದ ಎರಡು ಗ್ರೂಪ್, ಮಾಮೂಲಿ ಸೈಟಿನಿಂದ ಒಂದೇ ಗ್ರೂಪ್ ಬಂದರೆ ಸ್ಕೋಪ್ ಮೌಂಟ್ ಮತ್ತು ನಳಿಗೆಯ ಕೀಲು, ಈ ಎರಡರ ಮೇಲೆ ಅನುಮಾನ ಪಡಿ. ಮುಚ್ಚಿದ ನಳಿಗೆಯನ್ನು ಎಡಕ್ಕೆ ಬಲಕ್ಕೆ ಅಲುಗಿಸಿ ನೋಡಿ. ಆಟ ಇದ್ದರೆ ಕೀಲಿನ ಬೋಲ್ಟ್ ಸಡಿಲ. ನಳಿಗೆ ಮಡಚದೆ ಪಕ್ಕದ ಅಥವಾ ಕೆಳಗಿನ ಲಿವರ್ ಎಳೆಯುವ ರೈಫಲ್‌ಗಳಲ್ಲಿ ಈ ತಲೆನೋವು ಇಲ್ಲ.

ಹಾನಗಲ್, ಕಲಘಟಗಿ ಕಡೆಯ ಕೆಲವು ಮನೆಗಳಲ್ಲಿ ಬೆಳೆ ಕಾಯಲು ಲೈಸೆನ್ಸ್ ಪಡೆದ, ಮುಂದಿನಿಂದ ಮದ್ದು ತುಂಬುವ ಹಳೆಯ ಕೋವಿಗಳಿವೆ. ಅಂಥ ಕೋವಿಯಲ್ಲಿ ಉದ್ದದ ನಳಿಗೆಯೇ ಮರದಲ್ಲಿ ಮಲಗಿರುತ್ತದೆ, ಅಡ್ಡ ಪಿನ್ನು ಅಥವಾ ಬೆಣೆ ಅದನ್ನು ಹಿಡಿದಿರುತ್ತದೆ, ಹಿಂದೆ ಪಟ್ಟಿಯ ಮೇಲೆ ಒಂದು ಸ್ಕ್ರೂ. ಮರ ಉಬ್ಬಿದರೆ ನಳಿಗೆಯನ್ನೇ ಎಳೆಯುತ್ತದೆ. ಬೆಡ್ಡಿಂಗ್ ತತ್ವ ಒಂದೇ, ಆದರೆ ಮದ್ದಿನ ಕೋವಿಯ ಮೇಲೆ ಮನೆ ಪರೀಕ್ಷೆ ಬೇಡ. ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರವೇ ಒಯ್ಯಿರಿ.

ಲಕ್ಷಣ: ಗುಂಡುಗಳು ಮೇಲೆ-ಕೆಳಗೆ ಸಾಲಾಗಿ ಬೀಳುತ್ತಿವೆ

ಅಗಲ ಇಲ್ಲ, ಎತ್ತರ ಮಾತ್ರ ಬದಲಾಗುತ್ತಿದೆ ಅಂದರೆ ವೇಗ ಬದಲಾಗುತ್ತಿದೆ. 10 ಮೀ. ಮ್ಯಾಚ್ ರೈಫಲ್‌ನ ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ಹೋಗುತ್ತದೆ. ಟಾರ್ಗೆಟ್ ಮುಟ್ಟುವಷ್ಟರಲ್ಲಿ ಸುಮಾರು 17 ಮಿ.ಮೀ. ಇಳಿದಿರುತ್ತದೆ. ವೇಗ ನೂರಕ್ಕೆ ಹತ್ತು ಕಡಿಮೆಯಾದರೆ ಇನ್ನೂ 4 ಮಿ.ಮೀ. ಕೆಳಗೆ. ಟಾರ್ಗೆಟ್‌ನಲ್ಲಿ ಒಂದು ಅಂಕದ ಅಂತರ 2.5 ಮಿ.ಮೀ. ಲೆಕ್ಕ ನೀವೇ ಹಾಕಿ.

ಪಿಸಿಪಿಯಲ್ಲಿ ಮೊದಲು ಸಿಲಿಂಡರ್ ಗೇಜ್ ನೋಡಿ. ಒತ್ತಡ ಕಂಪನಿ ಹೇಳಿದ ಕನಿಷ್ಠಕ್ಕಿಂತ ಕೆಳಗೆ ಹೋಗಿದ್ದರೆ ತುಂಬಿಸಿ, ಅಷ್ಟೇ. ತುಂಬಿದ ಮೇಲೂ ಸಾಲು ಬಂದರೆ ರೆಗ್ಯುಲೇಟರ್ ಮೇಲೆ ಅನುಮಾನ ಪಡಿ. ಪ್ರತಿ ಗುಂಡಿಗೂ ಒಂದೇ ಒತ್ತಡದ ಗಾಳಿ ಕೊಡುವ ಭಾಗ ಅದು. ಸ್ವಲ್ಪ ಹೊತ್ತು ಬಿಟ್ಟು ಹೊಡೆದ ಮೊದಲ ಗುಂಡು ಮಾತ್ರ ಬೇರೆ ಎತ್ತರಕ್ಕೆ ಹೋಗಿ, ಮುಂದಿನವು ಸರಿ ಬಂದರೆ ರೆಗ್ಯುಲೇಟರ್ ಒತ್ತಡ ತಾನಾಗಿ ಏರುತ್ತಿದೆ. ಅದನ್ನು ಮನೆಯಲ್ಲಿ ಬಿಚ್ಚಬೇಡಿ. ಮ್ಯಾಚ್ ಸಿಲಿಂಡರ್‌ಗಳಲ್ಲಿ 200 ಬಾರ್ ಒತ್ತಡ ಸಾಮಾನ್ಯ. ಪಂಕ್ಚರ್ ಅಂಗಡಿಯವರು ಕಾರಿನ ಟೈರಿಗೆ ತುಂಬುವುದು ಎರಡು ಚಿಲ್ಲರೆ ಬಾರ್. ಸಿಲಿಂಡರ್ ಮೇಲೆ ತಯಾರಾದ ದಿನಾಂಕ ಇರುತ್ತದೆ. ಅವಧಿ ಮುಗಿದಿದ್ದರೆ ಬಳಸಬೇಡಿ. ಒಣ ಗಾಳಿ ಬಿಟ್ಟು ಬೇರೇನೂ ತುಂಬಬೇಡಿ. ಗ್ಯಾಸ್ ವೆಲ್ಡಿಂಗ್‌ನವರ ಆಕ್ಸಿಜನ್ ಅಂತೂ ಎಂದಿಗೂ ಬೇಡ, ಅದು ಎಣ್ಣೆ-ಗ್ರೀಸ್ ಜೊತೆ ಸೇರಿದರೆ ಸ್ಫೋಟ.

ಸ್ಪ್ರಿಂಗ್ ರೈಫಲ್‌ನಲ್ಲಿ ಸಾಲು ಬಂದು, ಜೊತೆಗೆ ಜೋರು ಶಬ್ದ, ನಳಿಗೆಯಿಂದ ಹೊಗೆ, ಸುಟ್ಟ ವಾಸನೆ ಇದ್ದರೆ ಯಾರೋ ಎಣ್ಣೆ ಬಿಟ್ಟಿದ್ದಾರೆ. ಒತ್ತಡದ ಬಿಸಿಗೆ ಎಣ್ಣೆ ಉರಿಯುತ್ತದೆ, ಡೀಸೆಲ್ ಎಂಜಿನ್ ಒಳಗೆ ಆಗುವುದೇ ಇದು. ಹೊಸ ರೈಫಲ್‌ನಲ್ಲಿ ಸ್ವಲ್ಪ ದಿನ ಇದ್ದು ಕಡಿಮೆಯಾದರೆ ಚಿಂತೆ ಇಲ್ಲ. ನಿಲ್ಲದಿದ್ದರೆ ಹೊಡೆಯುವುದು ನಿಲ್ಲಿಸಿ. ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಹಾಕಿದರೆ ಸ್ಮೂತ್ ಆಗುತ್ತದೆ ಅನ್ನುವ ಸಲಹೆ ಕೊಟ್ಟವರ ಮಾತು ಕೇಳಬೇಡಿ.

ಶಬ್ದ ಮೆತ್ತಗಾಗಿ ಗುಂಡು ಕೆಳಗೆ ಬೀಳುತ್ತಿದ್ದರೆ ಗಾಳಿ ಸೋರುತ್ತಿದೆ. ನಳಿಗೆ ಸೇರುವ ಜಾಗದ ಮೇಲೆ ಟಿಶ್ಯೂ ಕಾಗದದ ತೆಳು ಪಟ್ಟಿ ಇಟ್ಟು ಒಂದು ಗುಂಡು ಹೊಡೆಯಿರಿ. ಪಟ್ಟಿ ಹಾರಿದರೆ ಅಲ್ಲಿನ ಸೀಲ್ ಹೋಗಿದೆ. ಕಡಿಮೆ ಖರ್ಚಿನ ಭಾಗ. ಸ್ಪ್ರಿಂಗ್ ಹೋಗಿದೆ ಅಂತಾದರೆ ಮಾತು ಬೇರೆ. ಸ್ಪ್ರಿಂಗ್ ಒಳಗೆ ಒತ್ತಿಯೇ ಕೂತಿರುತ್ತದೆ, ಸರಿಯಾದ ಕ್ಲ್ಯಾಂಪ್ ಇಲ್ಲದೆ ಬಿಚ್ಚಿದರೆ ಮುಖಕ್ಕೆ ಹಾರುತ್ತದೆ.

ಲಕ್ಷಣ: ಗ್ರೂಪ್ ಚೆನ್ನಾಗಿದೆ, ಆದರೆ ಜಾಗ ಬದಲಿಸುತ್ತಿದೆ

ಮೇನಲ್ಲಿ ಸೆಟ್ ಮಾಡಿದ ಸೈಟು ಜುಲೈನಲ್ಲಿ ತಪ್ಪು. ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ, ಇನ್ನು ಮರದ ಸ್ಟಾಕ್? ತೇವ ಹೀರಿ ಉಬ್ಬುತ್ತದೆ. ಅದೇ ರೈಫಲ್ ಅನ್ನು ಗದಗಿನ ಬೇಸಿಗೆಗೆ ಒಯ್ದರೆ ಮರ ಕುಗ್ಗುತ್ತದೆ, ಸ್ಕ್ರೂ ಸಡಿಲ ಆಗುತ್ತದೆ.

ನಳಿಗೆ ಸ್ಟಾಕ್‌ಗೆ ತಾಗದಂತೆ ಮಾಡಿದ ರೈಫಲ್ ಆದರೆ ಹತ್ತು ರೂಪಾಯಿ ನೋಟನ್ನು ಮಡಚಿ ನಳಿಗೆಯ ಕೆಳಗಿನ ಸಂದಿಯಲ್ಲಿ ಎಳೆಯಿರಿ. ಸಿಕ್ಕಿಕೊಂಡ ಜಾಗದಲ್ಲಿ ಮರ ನಳಿಗೆಯನ್ನು ತಳ್ಳುತ್ತಿದೆ. ಮರಳು ಕಾಗದದಿಂದ ಅಲ್ಲಿ ಸ್ವಲ್ಪ ತಿಕ್ಕಿ, ಒಳಭಾಗಕ್ಕೂ ವಾರ್ನಿಶ್ ಹಚ್ಚಿ. ಹೊರಗೆ ಮಿರಿಮಿರಿ ಪಾಲಿಶ್, ಒಳಗೆ ಬರೀ ಹಸಿ ಮರ. ಹೆಚ್ಚಿನ ಅಗ್ಗದ ಸ್ಟಾಕ್‌ಗಳ ಕಥೆ ಇದು.

ಪಿಸಿಪಿಯಲ್ಲಿ ಗಾಳಿಯ ಕೊಳವೆ ಮತ್ತು ನಳಿಗೆಯನ್ನು ಸೇರಿಸುವ ಪಟ್ಟಿ ಇರುವುದುಂಟು. ಒತ್ತಡ ಏರಿಳಿದಾಗ ಕೊಳವೆ ಕೊಂಚ ಅಲುಗುತ್ತದೆ, ಪಟ್ಟಿ ನಳಿಗೆಯನ್ನು ಹಿಡಿದಿದ್ದರೆ ಅದನ್ನೂ ಎಳೆಯುತ್ತದೆ. ಕಾಗದದ ಮೇಲೆ ಒತ್ತಡ ಬರೆದಿಡಿ ಅಂದದ್ದು ಇದಕ್ಕೇ. ತುಂಬಿದಾಗ ಒಂದು ಕಡೆ, ಅರ್ಧಕ್ಕೆ ಇಳಿದಾಗ ಇನ್ನೊಂದು ಕಡೆ ಗ್ರೂಪ್ ಕೂತರೆ ಪಟ್ಟಿಯನ್ನು ನೋಡಿ.

ಲಕ್ಷಣ: ಅಣ್ಣ ಹೊಡೆದರೆ ಸರಿ, ತಂಗಿ ಹೊಡೆದರೆ ಬೇರೆ ಕಡೆ

ರೈಫಲ್ ಸ್ಪ್ರಿಂಗ್‌ನದ್ದಾದರೆ ಇದು ದೋಷವೇ ಅಲ್ಲ. ಹಿಡಿತ ಬದಲಾದರೆ ಅದರ ಅಲುಗಾಟ ಬದಲಾಗುತ್ತದೆ. ಮುಂದಿನ ಕೈಯಲ್ಲಿ ಗಟ್ಟಿ ಹಿಡಿಯದೆ ಅಂಗೈ ಮೇಲೆ ಸುಮ್ನೆ ಇಟ್ಟುಕೊಳ್ಳಿ, ಪ್ರತಿ ಸಲ ಅದೇ ಜಾಗದಲ್ಲಿ. ಪಿಸಿಪಿಯಲ್ಲಿ ಹೀಗಾದರೆ ಕೆನ್ನೆ ಇಡುವ ಜಾಗ, ಕಣ್ಣಿನ ಎತ್ತರ ಬೇರೆ ಇರುತ್ತದೆ. ಇಬ್ಬರಿಗೂ ಬೇರೆ ಬೇರೆ ಸೈಟು ಸೆಟ್ಟಿಂಗ್ ಬರೆದಿಡಿ.

ಎಲ್ಲಿ ನಿಲ್ಲಿಸಬೇಕು

ಟ್ರಿಗರ್ ತಾನಾಗಿ ಬಿಟ್ಟುಕೊಂಡರೆ, ಸೇಫ್ಟಿ ನಿಲ್ಲದಿದ್ದರೆ, ಸಿಲಿಂಡರ್ ಮೇಲೆ ಏಟಿನ ಗುರುತಿದ್ದರೆ, ಸ್ಟಾಕ್ ಕುತ್ತಿಗೆಯಲ್ಲಿ ಬಿರುಕು ಕಂಡರೆ ಮುಂದಿನ ಗುಂಡು ಹೊಡೆಯಬೇಡಿ. ನಳಿಗೆಯ ಬಾಯಿ ಕೆಟ್ಟಿದ್ದರೆ ಗೋಕುಲ ರಸ್ತೆಯ ಲೇತ್ ಅಂಗಡಿಗೆ ಓಡಬೇಡಿ. ಅಲ್ಲಿನವರ ಕೈ ಪಂಪ್ ಶಾಫ್ಟ್‌ಗೆ ಬಹಳ ಒಳ್ಳೆಯದು, ಆದರೆ ನಳಿಗೆಯ ಹೊರಮೈ ಹಿಡಿದು ತಿರುಗಿಸಿದರೆ ಒಳಗಿನ ತೂತು ನಡುವಿಗೆ ಬರುವುದಿಲ್ಲ. ಬಡಗಿಯವರ ಹತ್ತಿರ ಸ್ಟಾಕ್ ಮಾತ್ರ ಬಿಚ್ಚಿ ಒಯ್ಯಿರಿ, ರೈಫಲ್ ಒಯ್ಯಬೇಡಿ.

ಸ್ಪ್ರಿಂಗ್ ಬದಲಿಸಿ ಪವರ್ ಹೆಚ್ಚಿಸುತ್ತೇವೆ ಅನ್ನುವವರಿಗೂ ಕೊಡಬೇಡಿ. 2016ರ ಆಯುಧ ನಿಯಮಗಳ ಪ್ರಕಾರ 20 ಜೂಲ್ ಮೀರಿದ ಅಥವಾ 4.5 ಮಿ.ಮೀ.ಗಿಂತ ದೊಡ್ಡ ತೂತಿನ ಏರ್ ಗನ್‌ಗೆ ಲೈಸೆನ್ಸ್ ಬೇಕು. ಮ್ಯಾಚ್ ರೈಫಲ್‌ಗೆ ಅದರ ಅರ್ಧ ಶಕ್ತಿಯೂ ಬೇಕಿಲ್ಲ.

ರಿಪೇರಿಯವರ ಹತ್ತಿರ ಹೋಗುವಾಗ ಆ ಟಾರ್ಗೆಟ್ ಕಾಗದಗಳನ್ನೆಲ್ಲ ಜೊತೆಗೆ ಒಯ್ಯಿರಿ. ಯಾವ ಸ್ಕ್ರೂ ಬಿಗಿದ ಮೇಲೆ ಏನು ಬದಲಾಯಿತು, ಕಾರ್ಡ್ ಎಲ್ಲಿ ಇಟ್ಟಿದ್ದಿರಿ, ಒತ್ತಡ ಎಷ್ಟಿತ್ತು ಅಂತ ಹೇಳಿ. "ಗುರಿ ಸರಿ ಇಲ್ರಿ" ಅಂದರೆ ಅವರು ಪೂರ್ತಿ ರೈಫಲ್ ಬಿಚ್ಚುತ್ತಾರೆ, ಬಿಲ್ಲೂ ಹಾಗೇ ಬರುತ್ತದೆ.